ದಿನಕ್ಕೆ ಎರಡು ಡಾಲರ್: ನ್ಯಾಯದ ಸಿನಿಮಾ, ಅನ್ಯಾಯದ ಕೂಲಿ

ಅನ್ಯಾಯದ ವಿರುದ್ಧ ಸಿನಿಮಾ ಮಾಡಲು ಹೊರಟವರು ತಮ್ಮ ಕೆಲಸದವರಿಗೆ ಸರಿಯಾದ ಕೂಲಿ ಕೊಡಬೇಕೋ ಬೇಡವೋ? ಕೇಳಲಿಕ್ಕೂ ಸುಲಭದ ಪ್ರಶ್ನೆ, ಉತ್ತರ ಹೇಳಲಿಕ್ಕೂ ಸುಲಭ. ಆದರೆ ಕೈಯಲ್ಲಿ ದುಡ್ಡು ಕಮ್ಮಿ, ಉಳಿದ ದಿನಗಳು ಕಮ್ಮಿ, ಹೊರಗೆ ಬೀದಿಯಲ್ಲಿ ಅಶ್ರುವಾಯು ಸಿಡಿಯುತ್ತಿದೆ ಎಂದಾದಾಗ ಆ ಸುಲಭದ ಉತ್ತರ ಎಷ್ಟು ಹೊತ್ತು ನಿಂತೀತು?

2010ರಲ್ಲಿ ತೆರೆಗೆ ಬಂದ ಸ್ಪ್ಯಾನಿಷ್ ಚಿತ್ರ ‘ತಾಂಬಿಯೆನ್ ಲಾ ಯುವಿಯಾ’ ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಹೊರಟಿದೆ. ಹೆಸರಿನ ಅರ್ಥ ‘ಮಳೆ ಕೂಡ’. ಇಂಗ್ಲಿಷ್‌ನಲ್ಲಿ ‘ಈವನ್ ದಿ ರೈನ್’ ಎಂದು ಕರೆದರು. ನಿರ್ದೇಶಕಿ ಇಸಿಯಾರ್ ಬೊಯಾಯಿನ್. ಕಥೆ, ಚಿತ್ರಕಥೆ ಬರೆದವರು ಪಾಲ್ ಲಾವರ್ಟಿ. ಬ್ರಿಟಿಷ್ ನಿರ್ದೇಶಕ ಕೆನ್ ಲೋಚ್ ಅವರ ಚಿತ್ರಗಳಿಗೆ ಬಹುಕಾಲದಿಂದ ಬರೆಯುತ್ತ ಬಂದ ಈ ಲಾವರ್ಟಿ ಹುಟ್ಟಿದ್ದು ನಮ್ಮದೇ ಕೋಲ್ಕತ್ತಾದಲ್ಲಿ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಸ್ಪೇನ್ ದೇಶ ಆ ವರ್ಷ ಆಸ್ಕರ್‌ಗೆ ಕಳುಹಿಸಿದ್ದು ಇದನ್ನೇ. 2011ರ ಬರ್ಲಿನ್ ಚಿತ್ರೋತ್ಸವದ ಪನೋರಮಾ ವಿಭಾಗದಲ್ಲಿ ಪ್ರೇಕ್ಷಕರ ಪ್ರಶಸ್ತಿಯೂ ಬಂತು.

ಪ್ರಶಸ್ತಿಯ ಮಾತು ಅಲ್ಲಿರಲಿ. ಈ ಚಿತ್ರದ ಬಗ್ಗೆ ಈ ವಾರ ಬರೆಯಲಿಕ್ಕೆ ನಮಗೆ ಕಾರಣ ಬೇರೆಯೇ ಉಂಟು. ಒಳ್ಳೆಯ ಕೆಲಸ ಮಾಡುತ್ತಿದ್ದೇವೆ ಎಂದು ನಂಬಿಕೊಂಡವರು ಎಲ್ಲಿ ಜಾರುತ್ತಾರೆ ಎಂಬುದನ್ನು ಇಷ್ಟು ನಿಖರವಾಗಿ ತೋರಿಸಿದ ಚಿತ್ರ ಅಪರೂಪ.

ಸಿನಿಮಾದೊಳಗೊಂದು ಸಿನಿಮಾ

ಕಥೆ ನಡೆಯುವುದು 2000ನೇ ಇಸವಿಯಲ್ಲಿ, ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಕೊಚಬಾಂಬಾ ನಗರದಲ್ಲಿ. ಸ್ಪೇನ್‌ನಿಂದ ಒಂದು ಚಿತ್ರತಂಡ ಅಲ್ಲಿಗೆ ಬಂದಿಳಿಯುತ್ತದೆ. ಅವರು ಮಾಡಹೊರಟದ್ದು ಕೊಲಂಬಸ್‌ನ ಕಥೆ. ಶಾಲೆಯಲ್ಲಿ ಓದಿದ ‘ಹೊಸ ಜಗತ್ತನ್ನು ಕಂಡುಹಿಡಿದ’ ಕೊಲಂಬಸ್ ಅಲ್ಲ, ಚಿನ್ನಕ್ಕಾಗಿ ಅಲ್ಲಿನ ಮೂಲನಿವಾಸಿಗಳನ್ನು ಹಿಂಡಿದ ಕೊಲಂಬಸ್.

ಈ ಇತಿಹಾಸ ನಿಜವಾದದ್ದೇ. ಇಂದಿನ ಹೈತಿ ಮತ್ತು ಡೊಮಿನಿಕನ್ ಗಣರಾಜ್ಯ ಇರುವ ದ್ವೀಪದಲ್ಲಿ ತಾಯಿನೊ ಎಂಬ ಜನ ಇದ್ದರು. 14 ವರ್ಷ ದಾಟಿದ ಪ್ರತಿಯೊಬ್ಬರೂ ಮೂರು ತಿಂಗಳಿಗೊಮ್ಮೆ, ಗಿಡುಗದ ಕಾಲಿಗೆ ಕಟ್ಟುವ ಸಣ್ಣ ಗೆಜ್ಜೆ ತುಂಬುವಷ್ಟು ಚಿನ್ನ ತಂದೊಪ್ಪಿಸಬೇಕು ಎಂದು ಅವರ ಮೇಲೆ ತೆರಿಗೆ ಹೇರಲಾಗಿತ್ತು. ತರದವರ ಕೈ ಕಡಿದರೆಂಬ ದಾಖಲೆಗಳಿವೆ. 1511ರ ಡಿಸೆಂಬರ್‌ನಲ್ಲಿ ಆಂಟೋನಿಯೊ ದೆ ಮೊಂತೆಸಿನೊಸ್ ಎಂಬ ಪಾದ್ರಿ ಸ್ಪೇನ್‌ನ ಅಧಿಕಾರಿಗಳ ಎದುರಿಗೇ ನಿಂತು, ಇವರು ಮನುಷ್ಯರಲ್ಲವೇ ಎಂದು ಕೇಳಿದರು. ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಇನ್ನೊಬ್ಬ ಪಾದ್ರಿ ತನ್ನ ಪಾಲಿಗೆ ಬಂದ ಮೂಲನಿವಾಸಿ ಆಳುಗಳನ್ನು ಬಿಟ್ಟುಕೊಟ್ಟು ಅವರ ಪರವಾಗಿ ಜೀವಮಾನವಿಡೀ ಬರೆದರು. ಹತುವೇ ಎಂಬ ತಾಯಿನೊ ನಾಯಕ ಕ್ಯೂಬಾಕ್ಕೆ ಹೋಗಿ ಎದುರು ನಿಂತ. 1512ರಲ್ಲಿ ಅವನನ್ನು ಕಂಬಕ್ಕೆ ಕಟ್ಟಿ ಜೀವಂತ ಸುಟ್ಟರು.

ಇಷ್ಟನ್ನೂ ಜಗತ್ತಿಗೆ ಹೇಳಬೇಕೆಂದು ಪಣ ತೊಟ್ಟವನು ನಿರ್ದೇಶಕ ಸೆಬಾಸ್ಟಿಯನ್. ಪಾತ್ರ ಮಾಡಿದ್ದು ಮೆಕ್ಸಿಕೋದ ಗಾಯೆಲ್ ಗಾರ್ಸಿಯಾ ಬರ್ನಾಲ್. ಅವನ ಜೊತೆ ನಿರ್ಮಾಪಕ ಕೋಸ್ತಾ, ಅಂದರೆ ನಟ ಲೂಯಿಸ್ ತೊಸಾರ್. ಸೆಬಾಸ್ಟಿಯನ್‌ಗೆ ಆದರ್ಶದ ಹುಚ್ಚು, ಕೋಸ್ತಾನಿಗೆ ಲೆಕ್ಕದ ಪುಸ್ತಕ. ಕೊಲಂಬಸ್ ಬಂದಿಳಿದದ್ದು ಕೆರಿಬಿಯನ್ ಸಮುದ್ರದ ದ್ವೀಪಗಳಿಗೆ. ಬೊಲಿವಿಯಾಕ್ಕೆ ಕಡಲೇ ಇಲ್ಲ, ಇರುವುದು ಆಂಡಿಸ್ ಪರ್ವತ. ಅಲ್ಲಿನ ಕೆಚುವಾ ಜನರಿಗೂ ತಾಯಿನೊಗಳಿಗೂ ಸಂಬಂಧವಿಲ್ಲ. ಹಾಗಾದರೆ ಚಿತ್ರೀಕರಣಕ್ಕೆ ಇಲ್ಲಿಗೇ ಯಾಕೆ ಬಂದದ್ದು? ಅಗ್ಗ, ಅದಕ್ಕೆ. ಕೋಸ್ತಾನ ಕಣ್ಣಿಗೆ ಎಲ್ಲ ಮೂಲನಿವಾಸಿಗಳೂ ಒಂದೇ.

ಪಾತ್ರಧಾರಿಗಳ ಆಯ್ಕೆಯ ದಿನ ನೂರಾರು ಜನ ಸಾಲು ನಿಲ್ಲುತ್ತಾರೆ. ಎಲ್ಲೆಲ್ಲಿಂದಲೋ ನಡೆದು ಬಂದವರು. ಇಷ್ಟು ಜನರನ್ನು ನೋಡಲಿಕ್ಕಾಗುವುದಿಲ್ಲ ಎಂದು ಕೋಸ್ತಾ ವಾಪಸ್ ಕಳುಹಿಸಲು ನೋಡಿದಾಗ ಸಾಲಿನಲ್ಲಿದ್ದ ಒಬ್ಬ ಎದುರು ಮಾತಾಡುತ್ತಾನೆ: ಎಲ್ಲರನ್ನೂ ನೋಡುತ್ತೇವೆ ಎಂದು ಕರೆದದ್ದು ನೀವೇ ಅಲ್ಲವೇ? ಅವನೇ ಡೇನಿಯಲ್. ಅವನ ಕಣ್ಣಿನ ಕಿಚ್ಚು ನೋಡಿ ಸೆಬಾಸ್ಟಿಯನ್ ಅವನಿಗೆ ಹತುವೇಯ ಪಾತ್ರವನ್ನೇ ಕೊಡುತ್ತಾನೆ. ಇವನು ತಲೆನೋವಾಗುತ್ತಾನೆ, ಬೇಡ ಎಂದು ಕೋಸ್ತಾ ಎಚ್ಚರಿಸಿದರೂ ಕೇಳುವುದಿಲ್ಲ. ತೆರೆಯ ಮೇಲೆ ಬಂಡಾಯಗಾರ ಬೇಕು ನೋಡಿ! ಆದರೆ ತೆರೆಯ ಹೊರಗೂ ಅವನು ಬಂಡಾಯಗಾರನೇ ಆಗಿದ್ದರೆ? ಆ ತೊಂದರೆ ಅವರಿಗೆ ಆಮೇಲೆ ಗೊತ್ತಾಗುತ್ತದೆ.

ಫೋನಿನಲ್ಲಿ ಆಡಿದ ಮಾತು

ಚಿತ್ರದ ಮೊದಲ ಪೆಟ್ಟು ಬೀಳುವುದು ಒಂದು ಫೋನ್ ಕರೆಯಲ್ಲಿ. ದುಡ್ಡು ಹಾಕಿದವರ ಜೊತೆ ಕೋಸ್ತಾ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಾನೆ. ಇಲ್ಲಿ ದಿನಕ್ಕೆ ಎರಡು ಡಾಲರ್ ಕೊಟ್ಟರೆ ಸಾಕು, ಇವರಿಗೆ ರಾಜರಾದಷ್ಟು ಖುಷಿ ಎಂದು ನಗುತ್ತಾನೆ. ಆಗಿನ ಲೆಕ್ಕದಲ್ಲಿ ಎರಡು ಡಾಲರ್ ಅಂದರೆ ನಮ್ಮ ನೂರು ರೂಪಾಯಿಯೂ ಆಗದು. ಪಕ್ಕದಲ್ಲೇ ಡೇನಿಯಲ್ ಮತ್ತು ಅವನ ಮಗಳು ಬೆಲೆನ್ ನಿಂತಿದ್ದಾರೆ. ಇವರಿಗೆ ಎಂತ ಇಂಗ್ಲಿಷ್ ಅರ್ಥವಾಗುತ್ತದೆ ಎಂಬ ಧೈರ್ಯ ಕೋಸ್ತಾನದ್ದು.

ಡೇನಿಯಲ್‌ಗೆ ಅರ್ಥವಾಗುತ್ತದೆ. ಅವನು ಅಮೆರಿಕದಲ್ಲಿ ಕಟ್ಟಡದ ಕೆಲಸ ಮಾಡಿ ಬಂದವನು. ದೂರದೂರಿಗೆ ದುಡಿಯಲು ಹೋದವನಿಗೆ ಧಣಿಗಳ ಭಾಷೆ ಮೊದಲು ಕಿವಿಗೆ ಬೀಳುವುದು ಹೀಗೇ, ಅವರು ತನ್ನ ಬಗ್ಗೆ ಆಡಿಕೊಳ್ಳುವ ಮಾತಿನಲ್ಲೇ. ಗಲ್ಫಿಗೆ ಹೋಗಿ ಬಂದವರಿರುವ ನಮ್ಮ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡೇನಿಯಲ್ ಕೂಗಾಡುವುದಿಲ್ಲ. ಕೇಳಿಸಿಕೊಂಡ ಮಾತನ್ನು ಇಂಗ್ಲಿಷಿನಲ್ಲೇ ಕೋಸ್ತಾನ ಮುಖಕ್ಕೆ ಹಿಂತಿರುಗಿಸಿ, ಮಗಳ ಕೈ ಹಿಡಿದು ಹೊರಟುಬಿಡುತ್ತಾನೆ. ಮುಂದೆ ಕೋಸ್ತಾ ಅವನ ಮನೆಗೇ ಹೋಗಿ ಕ್ಷಮೆ ಕೇಳಬೇಕಾಗುತ್ತದೆ.

ಹೊರಗೆ ನಡೆಯುತ್ತಿದ್ದ ನೀರಿನ ಯುದ್ಧ

ಈ ಚಿತ್ರೀಕರಣ ಕಲ್ಪನೆಯದ್ದು. ಆದರೆ ಅದರ ಹೊರಗೆ ನಡೆಯುವ ಗಲಾಟೆ ಕಲ್ಪನೆಯಲ್ಲ. ಕೊಚಬಾಂಬಾ ಎಂಬ ಹೆಸರು ಬಂದದ್ದು ಕೆರೆಯ ಬಯಲು ಎಂಬರ್ಥದ ಕೆಚುವಾ ಪದಗಳಿಂದ. ಆ ಕೆರೆಯ ಊರಿನಲ್ಲಿ ನೀರಿಗೇ ಬರ. ವಿಶ್ವಬ್ಯಾಂಕ್ ಖಾಸಗೀಕರಣಕ್ಕೆ ಒತ್ತಡ ಹೇರುತ್ತ ಬಂದಿತ್ತು. 1999ರಲ್ಲಿ ಬೊಲಿವಿಯಾ ಸರಕಾರ ನಗರದ ನೀರು ಸರಬರಾಜನ್ನು 40 ವರ್ಷಗಳ ಮಟ್ಟಿಗೆ ಅಗುವಾಸ್ ದೆಲ್ ತುನಾರಿ ಎಂಬ ಕಂಪನಿಕೂಟಕ್ಕೆ ವಹಿಸಿತು. ಟೆಂಡರ್‌ಗೆ ಬಂದದ್ದು ಇದೊಂದೇ ಕೂಟ. ಮುಂಚೂಣಿಯಲ್ಲಿದ್ದದ್ದು ಅಮೆರಿಕದ ಬೆಕ್ಟೆಲ್ ಸಮೂಹ. ಸ್ಪೇನ್‌ನ ಅಬೆಂಗೋವಾ ಕಂಪನಿಗೂ ಅದರಲ್ಲಿ ಪಾಲಿತ್ತು.

2000ದ ಜನವರಿಯಲ್ಲಿ ಹೊಸ ಬಿಲ್ಲು ಮನೆ ಮನೆಗೆ ಬಂದಾಗ ಜನರಿಗೆ ದಿಗಿಲು. ಕೆಲವರಿಗೆ ದರ ದುಪ್ಪಟ್ಟಿಗಿಂತಲೂ ಮೇಲೆ ಹೋಗಿತ್ತು. ತಿಂಗಳಿಗೆ 70 ಡಾಲರ್ ಕೂಡ ಸಂಬಳ ಇಲ್ಲದವರಿಗೆ 20 ಡಾಲರ್ ನೀರಿನ ಬಿಲ್ಲು. ಇದಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ಅದೇ ಹೊತ್ತಿಗೆ ಬಂದ ಹೊಸ ಕಾನೂನು. ಊರವರು ತಾವೇ ದುಡ್ಡು ಹಾಕಿ, ತಾವೇ ಅಗೆದ ಬಾವಿಗಳೂ ಕಂಪನಿಯ ಹಿಡಿತಕ್ಕೆ ಹೋಗುತ್ತವೆ, ಮಾಡಿನಿಂದ ಇಳಿಯುವ ಮಳೆನೀರು ಹಿಡಿಯಲಿಕ್ಕೂ ಪರವಾನಗಿ ಬೇಕಾದೀತು ಎಂಬ ಭಯ ಹಬ್ಬಿತು. ಚಿತ್ರದ ಹೆಸರು ಹುಟ್ಟಿದ್ದು ಅಲ್ಲಿಂದ. ಮಳೆ ಕೂಡ ನಮ್ಮದಲ್ಲವೇ! ಸೋಗೆಯ ಅಂಚಿಗೆ, ಹಂಚಿನ ಅಂಚಿಗೆ ಕೊಡಪಾನ ಇಟ್ಟು ಬೆಳೆದ ಕರಾವಳಿಯ ನಮಗೆ ಆ ಮಾತಿನ ಸಂಕಟ ತಟ್ಟನೆ ತಾಗುತ್ತದೆ.

ಶೂ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಕಾರ್ಮಿಕ ಮುಖಂಡ ಆಸ್ಕರ್ ಒಲಿವೆರಾ ಮೊದಲಾದವರು ಜನರನ್ನು ಒಂದುಗೂಡಿಸಿದರು. ಕಾರ್ಮಿಕರು, ರೈತರು, ಕಾಲೇಜು ಮಕ್ಕಳು, ಅಂಗಡಿಯವರು, ಮನೆಯ ಹೆಂಗಸರು ಎಲ್ಲ ಬೀದಿಗಿಳಿದರು. ಏಪ್ರಿಲ್ 8ರಂದು ಅಧ್ಯಕ್ಷ ಹ್ಯೂಗೊ ಬಾನ್ಸರ್ ತುರ್ತುಸ್ಥಿತಿ ಘೋಷಿಸಿದರು. 1970ರ ದಶಕದಲ್ಲಿ ದೇಶವನ್ನು ಸರ್ವಾಧಿಕಾರಿಯಾಗಿ ಆಳಿದವರೇ ಇವರು. ಅದೇ ದಿನ ವಿಕ್ಟರ್ ಹ್ಯೂಗೊ ದಾಸಾ ಎಂಬ 17 ವರ್ಷದ ಹುಡುಗ ಗುಂಡೇಟಿಗೆ ಸತ್ತ. ಎರಡು ದಿನ ಕಳೆದು ಸರಕಾರ ಮಣಿಯಿತು, ಕಂಪನಿ ಊರು ಬಿಟ್ಟಿತು.

ಚಿತ್ರದ ಡೇನಿಯಲ್ ಈ ಹೋರಾಟದ ಒಬ್ಬ ಮುಂದಾಳು. ಹಗಲು ಹತುವೇಯ ವೇಷ, ಉಳಿದ ಹೊತ್ತು ಮೆಗಾಫೋನು. ಐನೂರು ವರ್ಷ ಹಿಂದೆ ಚಿನ್ನ, ಈಗ ನೀರು.

ಅಧಿಕಾರಿ ಕೊಟ್ಟ ಉತ್ತರ

ಚಿತ್ರತಂಡಕ್ಕೆ ಸರಕಾರದ ಕಚೇರಿಯಲ್ಲಿ ಒಂದು ಸತ್ಕಾರಕೂಟ. ಕಿಟಕಿಯಾಚೆ ಜನರ ಕೂಗು. ಸೆಬಾಸ್ಟಿಯನ್‌ಗೆ ತಡೆಯಲಾಗುವುದಿಲ್ಲ. ಅಷ್ಟು ಕಡಿಮೆ ಸಂಪಾದನೆಯ ಜನ ಇಷ್ಟು ದೊಡ್ಡ ಬಿಲ್ಲು ಹೇಗೆ ಕಟ್ಟಬೇಕು ಎಂದು ಅಧಿಕಾರಿಯನ್ನು ಕೇಳಿಯೇ ಬಿಡುತ್ತಾನೆ. ಅಧಿಕಾರಿ ಮೆಲ್ಲನೆ ಮರುಪ್ರಶ್ನೆ ಹಾಕುತ್ತಾನೆ: ನೀವು ನಿಮ್ಮ ಸಹಕಲಾವಿದರಿಗೆ ದಿನಕ್ಕೆ ಎರಡು ಡಾಲರ್ ಕೊಡುತ್ತಿದ್ದೀರಂತೆ, ಹೌದಾ?

ನಮ್ಮ ಮಟ್ಟಿಗೆ ಇಡೀ ಚಿತ್ರದ ತಿರುಳು ಈ ಒಂದು ಮಾತಿನಲ್ಲಿ ಉಂಟು. ಹೇಳಿದವನು ಒಳ್ಳೆಯವನಲ್ಲ, ಹೇಳಿದ ಉದ್ದೇಶವೂ ಒಳ್ಳೆಯದಲ್ಲ. ಆದರೆ ಮಾತು ಸುಳ್ಳಲ್ಲ. ಐನೂರು ವರ್ಷದ ಹಿಂದಿನ ಅನ್ಯಾಯಕ್ಕೆ ಕಣ್ಣೀರಿಡಲು ಕಾಸು ಖರ್ಚಿಲ್ಲ. ಇವತ್ತು ಸಂಜೆ ಕೂಲಿ ಎಣಿಸಿ ಕೊಡುವಾಗ ಮಾತ್ರ ಖರ್ಚುಂಟು. ಸೆಬಾಸ್ಟಿಯನ್ ಬಳಿ ಇದಕ್ಕೆ ಇದ್ದದ್ದು ಬಜೆಟ್ಟಿನ ನೆಪ ಮಾತ್ರ. ನೀರಿನ ಕಂಪನಿಯವರೂ ಹೇಳುವುದು ಅದನ್ನೇ ಅಲ್ಲವೇ?

ತಾಯಂದಿರು ಬೇಡ ಎಂದಾಗ

ಚಿತ್ರೀಕರಣದ ಇನ್ನೊಂದು ದಿನ. ಹೊಳೆಯ ದಡ. ಬೆನ್ನಟ್ಟಿ ಬರುವ ಸ್ಪೇನ್ ಸೈನಿಕರ ಕೈಗೆ ಮಕ್ಕಳು ಸಿಗಬಾರದೆಂದು ತಾಯಂದಿರೇ ಹಸುಳೆಗಳನ್ನು ನೀರಿನಲ್ಲಿ ಮುಳುಗಿಸುವ ದೃಶ್ಯ ತೆಗೆಯಬೇಕು. ಸೆಬಾಸ್ಟಿಯನ್ ತಾಳ್ಮೆಯಿಂದಲೇ ವಿವರಿಸುತ್ತಾನೆ. ಮಕ್ಕಳನ್ನು ಎತ್ತಿಕೊಂಡು ನೀರಿಗಿಳಿದರೆ ಸಾಕು, ಮುಳುಗಿಸುವ ಹೊತ್ತಿಗೆ ಬೊಂಬೆ ಕೊಡುತ್ತೇವೆ, ಯಾರಿಗೂ ಏನೂ ಆಗುವುದಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಕೆಚುವಾದಲ್ಲಿ ಏನೋ ಮಾತಾಡಿಕೊಳ್ಳುತ್ತಾರೆ. ಆಮೇಲೆ, ಆಗುವುದಿಲ್ಲ ಎನ್ನುತ್ತಾರೆ.

ಇದು ನಿಜವಾಗಿ ನಡೆದದ್ದು, ಜಗತ್ತಿಗೆ ಗೊತ್ತಾಗಬೇಕು ಎಂದು ಸೆಬಾಸ್ಟಿಯನ್ ಗೋಗರೆಯುತ್ತಾನೆ. ಅವರು ಬಗ್ಗುವುದಿಲ್ಲ. ಇಂಥದ್ದನ್ನು ನಟನೆಗೆಂದೂ ಅವರು ಮನಸ್ಸಿಗೆ ತಂದುಕೊಳ್ಳಲಾರರು ಎಂದು ಡೇನಿಯಲ್ ತಿಳಿಸಿ ಹೇಳುತ್ತಾನೆ.

ಆ ಹೆಂಗಸರು ಸಿನಿಮಾ ಕಲಿತವರಲ್ಲ, ಭಾಷಣವನ್ನೂ ಮಾಡುವುದಿಲ್ಲ. ದಿನಕ್ಕೆ ಎರಡು ಡಾಲರ್ ಅವರಿಗೆ ಬೇಕೇ ಬೇಕು. ಆದರೂ ತಮ್ಮ ಮಗುವಿನ ಮೈಯ ಮೇಲೆ ಯಾವುದನ್ನು ಆಡಬಹುದು, ಯಾವುದನ್ನು ಆಡಬಾರದು ಎಂಬ ಗೆರೆ ಅವರಿಗೆ ಸ್ಪಷ್ಟ. ಇಡೀ ಚಿತ್ರತಂಡದಲ್ಲಿ ಅಷ್ಟು ಸ್ಪಷ್ಟತೆ ಬೇರೆ ಯಾರಲ್ಲೂ ಇಲ್ಲ. ಆ ದೃಶ್ಯದ ಚಿತ್ರೀಕರಣ ಅಲ್ಲಿಗೇ ನಿಲ್ಲುತ್ತದೆ.

ಜೈಲಿನಿಂದ ಬಾಡಿಗೆಗೆ ತಂದ ನಾಯಕ

ಬೀದಿಯಲ್ಲಿ ಪೆಟ್ಟು ತಿಂದ ಮುಖ ಕ್ಯಾಮೆರಾಕ್ಕೆ ಆಗುವುದಿಲ್ಲ. ಅದಕ್ಕಾಗಿ ಕೋಸ್ತಾ ಡೇನಿಯಲ್‌ಗೆ ದೊಡ್ಡ ಮೊತ್ತದ ಆಸೆ ತೋರಿಸುತ್ತಾನೆ. ಚಿತ್ರೀಕರಣ ಮುಗಿಯುವವರೆಗೆ ಹೋರಾಟದ ಸುದ್ದಿಗೆ ಹೋಗಬಾರದು, ಅರ್ಧ ದುಡ್ಡು ಈಗ, ಅರ್ಧ ಆಮೇಲೆ. ಡೇನಿಯಲ್ ದುಡ್ಡು ತೆಗೆದುಕೊಳ್ಳುತ್ತಾನೆ, ಅದನ್ನು ಹೋರಾಟಕ್ಕೇ ಕೊಡುತ್ತಾನೆ, ತಾನೂ ಹೋಗುತ್ತಾನೆ. ಇದು ಮಾತಿಗೆ ತಪ್ಪಿದ ಹಾಗಲ್ಲವೇ ಎಂದು ಯಾರಾದರೂ ಕೇಳಿದರೆ, ಹೌದು. ಚಿತ್ರ ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಬ್ಬನ ಮನೆಯ ನೀರಿನ ಹಕ್ಕನ್ನು ಸಿನಿಮಾದ ದಿನಪಟ್ಟಿಗೆ ಒತ್ತೆ ಇಡಿಸಿಕೊಳ್ಳಲು ನೋಡಿದವನ ತಪ್ಪು ಸಣ್ಣದೇ? ತೂಗಿ ನೋಡುವ ಕೆಲಸವನ್ನು ಚಿತ್ರ ನಮಗೇ ಬಿಟ್ಟಿದೆ.

ಪೊಲೀಸರು ಡೇನಿಯಲ್‌ನನ್ನು ಹಿಡಿದು ಹೊಡೆದು ಒಳಗೆ ಹಾಕುತ್ತಾರೆ. ಆದರೆ ಹತುವೇಯನ್ನು ಸುಡುವ ಮುಖ್ಯ ದೃಶ್ಯವೇ ಬಾಕಿ ಉಂಟು. ಕೊನೆಗೆ ಒಂದು ವ್ಯವಹಾರ ಕುದುರುತ್ತದೆ. ದುಡ್ಡು ಕೊಡಿ, ಇವನನ್ನು ಕರೆದುಕೊಂಡು ಹೋಗಿ, ದೃಶ್ಯ ಮುಗಿದ ಕೂಡಲೇ ನಾವು ವಾಪಸ್ ಹಿಡಿಯುತ್ತೇವೆ. ಡೇನಿಯಲ್‌ಗೆ ಇದರ ಸುಳಿವಿಲ್ಲ. ಆದರ್ಶವಾದಿ ಸೆಬಾಸ್ಟಿಯನ್ ಕ್ಷಣ ಹೊತ್ತು ಒದ್ದಾಡಿ ಒಪ್ಪಿಕೊಳ್ಳುತ್ತಾನೆ.

ಬಂಡಾಯಗಾರನನ್ನು ಆಳುವವರು ಕಂಬಕ್ಕೆ ಕಟ್ಟಿ ಸುಟ್ಟ ದೃಶ್ಯ ಸೊಗಸಾಗಿ ಬರುತ್ತದೆ. ಕ್ಯಾಮೆರಾ ನಿಲ್ಲುತ್ತಲೇ ಪೊಲೀಸರ ಜೀಪು ಬರುತ್ತದೆ. ಮೈಗೆ ಬಣ್ಣ ಬಳಿದುಕೊಂಡ, ತಾಯಿನೊ ವೇಷದಲ್ಲೇ ಇದ್ದ ಊರವರು ಜೀಪಿಗೆ ಮುತ್ತಿಗೆ ಹಾಕಿ ಡೇನಿಯಲ್‌ನನ್ನು ಬಿಡಿಸಿಕೊಳ್ಳುತ್ತಾರೆ. ಯಾವುದು ನಟನೆ, ಯಾವುದು ನಿಜ ಎಂದು ಕಣ್ಣಿಗೆ ಗೊತ್ತಾಗದ ನಿಮಿಷ ಅದು.

ಯಾರು ಓಡಿದರು, ಯಾರು ನಿಂತರು

ಊರಿಗೆ ಸೈನ್ಯ ಇಳಿದಾಗ ಒಬ್ಬೊಬ್ಬರ ಬಣ್ಣ ಬಯಲಾಗುತ್ತದೆ. ಮೂಲನಿವಾಸಿಗಳ ಪರ ಗುಡುಗಿದ ಪಾದ್ರಿಗಳ ಪಾತ್ರ ಮಾಡಿದವರೇ ಮೊದಲು ಮನೆಗೆ ಹೋಗಬೇಕು ಎನ್ನುತ್ತಾರೆ. ಕೊಲಂಬಸ್ ಆದ ಆಂಟನ್ ಮಾತ್ರ ಗಟ್ಟಿಯಾಗಿ ನಿಲ್ಲುತ್ತಾನೆ. ಕುಡುಕ, ಬಾಯಿ ಹರಕ, ಊಟದ ಮೇಜಿನಲ್ಲಿ ಎಲ್ಲರ ಆಷಾಢಭೂತಿತನವನ್ನು ಗೇಲಿ ಮಾಡುತ್ತಿದ್ದವನು ಇವನೇ. ಈ ಪಾತ್ರ ಮಾಡಿದ ಕರ್ರಾ ಎಲೆಹಾಲ್ದೆ ಅವರಿಗೆ ಸ್ಪೇನ್‌ನ ಗೋಯಾ ಪ್ರಶಸ್ತಿ ಬಂತು.

ಆ ಹೊತ್ತಿಗೆ ಡೇನಿಯಲ್‌ನ ಹೆಂಡತಿ ತೆರೆಸಾ ಕೋಸ್ತಾನ ಬಳಿ ಓಡಿ ಬರುತ್ತಾಳೆ. ಗಲಭೆಯ ನಡುವೆ ಬೆಲೆನ್ ಗಾಯಗೊಂಡು ಬಿದ್ದಿದ್ದಾಳೆ. ವಾಹನ ಇರುವವನು, ರಸ್ತೆತಡೆಯಲ್ಲಿ ಪೊಲೀಸರು ಬಿಟ್ಟುಕೊಡಬಹುದಾದ ಬಿಳಿಯ ಇವನೊಬ್ಬನೇ. ಹೋಗಬೇಡ ಎಂದು ಸೆಬಾಸ್ಟಿಯನ್ ತಡೆಯುತ್ತಾನೆ. ಈ ಗಲಾಟೆ ಮುಗಿಯುತ್ತದೆ, ಜನ ಮರೆಯುತ್ತಾರೆ, ನಮ್ಮ ಸಿನಿಮಾ ಶಾಶ್ವತ ಎಂಬುದು ಅವನ ವಾದ. ಕೋಸ್ತಾ ಹೋಗುತ್ತಾನೆ.

ಲೆಕ್ಕ ಬರೆಯುವವನು ಸಿನಿಮಾ ಬಿಟ್ಟು ಮಗುವಿನ ಕಡೆ ಹೋದ, ನ್ಯಾಯದ ಮಾತಾಡುತ್ತಿದ್ದವನು ಸಿನಿಮಾವನ್ನೇ ಹಿಡಿದುಕೊಂಡ. ಕಾರಣ ಹುಡುಕಿದರೆ ಸಿಗುತ್ತದೆ. ಕೋಸ್ತಾ ತನ್ನ ಮಾತಿಗೆ ಒಮ್ಮೆ ನಾಚಿದ್ದ. ಡೇನಿಯಲ್‌ನ ಮನೆಯ ಬಾಗಿಲಿಗೆ ಹೋಗಿ ನಿಂತಿದ್ದ, ಆ ಹುಡುಗಿಯ ಮುಖ ಅವನಿಗೆ ಗೊತ್ತಿತ್ತು. ಸೆಬಾಸ್ಟಿಯನ್‌ಗೆ ಗೊತ್ತಿದ್ದದ್ದು ಮೂಲನಿವಾಸಿಗಳು ಎಂಬ ದೊಡ್ಡ ಶಬ್ದ ಮಾತ್ರ. ತನ್ನ ಉದ್ದೇಶ ಒಳ್ಳೆಯದು ಎಂಬ ನಂಬಿಕೆಯೇ ಅವನಿಗೆ ಮುಳುವಾಯಿತು. ಪ್ರತಿ ಸಣ್ಣ ಅನ್ಯಾಯಕ್ಕೂ ಆ ದೊಡ್ಡ ಉದ್ದೇಶ ಜಾಮೀನು ನಿಂತಿತು.

ಆಮೇಲೆ ಏನಾಯಿತು?

ಬೆಲೆನ್ ಬದುಕುತ್ತಾಳೆ, ಸಿನಿಮಾ ನಿಂತುಹೋಗುತ್ತದೆ. ಹೊರಡುವ ಕೋಸ್ತಾನಿಗೆ ಡೇನಿಯಲ್ ಒಂದು ಪುಟ್ಟ ಪೆಟ್ಟಿಗೆ ಕೊಡುತ್ತಾನೆ. ಒಳಗೆ ಸಣ್ಣ ಸೀಸೆಯಲ್ಲಿ ನೀರು. ಕೆಚುವಾದಲ್ಲಿ ನೀರಿಗೆ ‘ಯಾಕು’ ಎನ್ನುತ್ತಾರೆ. ಕೋಸ್ತಾ ಆ ಭಾಷೆಯಿಂದ ಕಲಿತು ಹೋಗುವುದು ಆ ಒಂದು ಶಬ್ದ.

ನಿಜವಾದ ಕೊಚಬಾಂಬಾದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಒಪ್ಪಂದ ರದ್ದಾದದ್ದಕ್ಕೆ ಕಂಪನಿ ವಿಶ್ವಬ್ಯಾಂಕಿನ ವ್ಯಾಜ್ಯ ಕೇಂದ್ರದಲ್ಲಿ ಬೊಲಿವಿಯಾದ ಮೇಲೆ ಕೋಟಿಗಟ್ಟಲೆ ಡಾಲರಿನ ದಾವೆ ಹೂಡಿತು. ಜಗತ್ತಿನ ಮೂಲೆಮೂಲೆಯಿಂದ ಛೀಮಾರಿ ಬಂದ ಮೇಲೆ 2006ರಲ್ಲಿ ಬರೇ 2 ಬೊಲಿವಿಯಾನೊಗಳ ಸಾಂಕೇತಿಕ ಮೊತ್ತಕ್ಕೆ ರಾಜಿಯಾಯಿತು. 2010ರ ಜುಲೈ 28ರಂದು, ಬೊಲಿವಿಯಾ ಮುಂದಿಟ್ಟ ನಿರ್ಣಯದ ಮೇಲೆ, ಶುದ್ಧ ನೀರು ಮತ್ತು ನೈರ್ಮಲ್ಯ ಮಾನವ ಹಕ್ಕು ಎಂದು ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿತು. ಪರವಾಗಿ 122 ಮತ, ವಿರೋಧ ಒಂದೂ ಇಲ್ಲ, 41 ದೇಶಗಳು ದೂರ ಉಳಿದವು. ಭಾರತ ಪರವಾಗಿ ಮತ ಹಾಕಿತು.

ಹಾಗೆಂದು ಗೆದ್ದವರ ಮನೆಯ ನಲ್ಲಿಯಲ್ಲೆಲ್ಲ ನೀರು ಬಂತೆಂದಲ್ಲ. ಸರಬರಾಜು ಸಾರ್ವಜನಿಕ ಸಂಸ್ಥೆಗೆ ಮರಳಿದ ಮೇಲೂ ನಗರದ ದಕ್ಷಿಣ ಭಾಗದ ಬಡವರು ವರ್ಷಗಟ್ಟಲೆ ಟ್ಯಾಂಕರ್ ನೀರನ್ನು ದುಬಾರಿ ಬೆಲೆಗೆ ಕೊಳ್ಳಬೇಕಾಯಿತು. ಕಂಪನಿಯನ್ನು ಓಡಿಸಿದಷ್ಟು ಸುಲಭವಲ್ಲ ಪೈಪು ಹಾಕುವುದು.

ಚಿತ್ರದ ಮೇಲೂ ನಮಗೊಂದು ತಕರಾರು ಉಂಟು. ನೀರಿಗಾಗಿ ಹೋರಾಡಿದವರು ಬೊಲಿವಿಯಾದ ಜನ, ಆದರೆ ಚಿತ್ರದ ಮನಪರಿವರ್ತನೆಯ ಕಥೆ ಸ್ಪೇನ್‌ನವನದ್ದು. ಡೇನಿಯಲ್ ಮೊದಲಿನಿಂದಲೂ ಸರಿಯಾದವನೇ, ಹಾಗಾಗಿ ಅವನ ಒಳಗಿನ ತಳಮಳ ನಮಗೆ ಹೆಚ್ಚು ಕಾಣುವುದಿಲ್ಲ. ಆ ಪಾತ್ರಕ್ಕೆ ಜೀವ ತುಂಬಿದ ಬೊಲಿವಿಯಾದ ನಟ ಹುವಾನ್ ಕಾರ್ಲೋಸ್ ಅದುವಿರಿ ಮೌನದಲ್ಲೇ ಅಷ್ಟು ಹೇಳಬಲ್ಲವರು, ಅವರಿಗೆ ಇನ್ನಷ್ಟು ಜಾಗ ಕೊಡಬಹುದಿತ್ತು. ಬಡವರ ಕಥೆ ಹೇಳಲಿಕ್ಕೂ ಹೊರಗಿನವನ ಕಣ್ಣು ಬೇಕು ಎಂಬ ಚಾಳಿಯನ್ನು ಈ ಚಿತ್ರ ಪ್ರಶ್ನಿಸುತ್ತದೆ, ಆದರೆ ಪೂರ್ತಿ ಬಿಟ್ಟುಕೊಡುವುದಿಲ್ಲ.

ಆದರೂ ನೋಡಬೇಕಾದ ಚಿತ್ರ. ಹೊಡೆದಾಟ, ಹಿಂಸೆಯ ದೃಶ್ಯಗಳಿವೆ, ಚಿಕ್ಕ ಮಕ್ಕಳಿಗೆ ಬೇಡ. ಹೈಸ್ಕೂಲ್ ದಾಟಿದ ಮಕ್ಕಳ ಜೊತೆ ಕೂತು ನೋಡಬಹುದು. ಮುಗಿದ ಮೇಲೆ ಒಳ್ಳೆಯವ ಯಾರು, ಕೆಟ್ಟವ ಯಾರು ಎಂದು ಕೇಳಬೇಡಿ. ಆ ಅಧಿಕಾರಿ ಕೇಳಿದ ಎರಡು ಡಾಲರಿನ ಪ್ರಶ್ನೆಗೆ ಸೆಬಾಸ್ಟಿಯನ್ ಏನು ಹೇಳಬೇಕಿತ್ತು ಎಂದು ಕೇಳಿ. ನಮ್ಮ ಮನೆಯ ಕೆಲಸಕ್ಕೆ, ತೋಟದ ಕೆಲಸಕ್ಕೆ, ಅಂಗಡಿಗೆ ಬರುವವರ ಕೂಲಿಯ ಮಾತು ಆ ಚರ್ಚೆಯಲ್ಲಿ ಬಂದರೆ, ಬರಲಿ, ತಡೆಯುವುದು ಬೇಡ.